ಟಿವಿ ಬೆನ್ನ ಹಿಂದಿನ ತೂತುಗಳು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಟಿವಿ, ಸ್ಪೀಕರ್, ಪ್ಲೇಯರ್‌ಗಳ ಹಿಂದಿರುವ ಜ್ಯಾಕ್‌ಗಳ ಬಗ್ಗೆ ಏನೇ ಗೊಂದಲ ಇದ್ದರೂ ಬರೆದು ಕಳಿಸಿ ಅಂತ ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳ ರಾಶಿ ನೋಡಿದ ಮೇಲೆ ಈ ತೂತುಗಳು ಎಷ್ಟು ಮನೆಗಳಲ್ಲಿ ಜಗಳ ತಂದಿಟ್ಟಿವೆ ಅಂತ ಗೊತ್ತಾಯಿತು. ಒಬ್ಬರಂತೂ ಟಿವಿ ಹಿಂಭಾಗದ ಫೋಟೋ ತೆಗೆದು, ಒಂದೊಂದು ತೂತಿಗೂ ಬಾಣದ ಗುರುತು ಹಾಕಿ, ‘ಇದೇನು? ಇದೇನು?’ ಅಂತ ಹನ್ನೊಂದು ಸಲ ಕೇಳಿದ್ದಾರೆ. ಫೋಟೋ ಕಳಿಸಿದ್ದು ಒಳ್ಳೆಯದೇ ಆಯಿತು. ಗೋಡೆಗೆ ನೇತುಹಾಕಿದ ಟಿವಿ ಹಿಂದೆ ಕತ್ತು ತೂರಿಸಲು ನೀವ್ಯಾರೂ ಒದ್ದಾಡಬೇಡಿ. ಫೋನಿನ ಟಾರ್ಚ್ ಹಚ್ಚಿ, ಕೈ ಮಾತ್ರ ಹಿಂದೆ ಚಾಚಿ ನಿಧಾನವಾಗಿ ಒಂದು ವಿಡಿಯೊ ಮಾಡಿಕೊಳ್ಳಿ. ಆಮೇಲೆ ಆರಾಮಾಗಿ ಕೂತು ದೊಡ್ಡದು ಮಾಡಿ ನೋಡಿದರೆ ಸಣ್ಣ ಅಕ್ಷರಗಳೂ ಕಾಣುತ್ತವೆ.

ಹೆಚ್ಚಿನ ಪತ್ರಗಳ ಬುಡದಲ್ಲಿರುವುದು ಒಂದೇ ತಪ್ಪು. ಪಿನ್ ತೂತಿಗೆ ಸರಿಯಾಗಿ ಕೂತಿತು, ಇನ್ನು ಕೆಲಸ ಮಾಡಲೇಬೇಕು ಅಂತ ನಂಬಿಬಿಡುವುದು. ಪಿನ್ ಕೂರುವುದು ಬರೀ ಅಳತೆಯ ವಿಷಯ. ಒಳಗೆ ಏನು ಹರಿಯುತ್ತದೆ, ಯಾವ ಕಡೆಗೆ ಹರಿಯುತ್ತದೆ ಅನ್ನೋದು ಬೇರೆಯೇ. ಸರಿ, ಪತ್ರಗಳಿಗೆ ಹೋಗೋಣ.

ಪ್ರಶ್ನೆ: ನಮ್ಮ ಹಳೇ ಡಿವಿಡಿ ಪ್ಲೇಯರಿನಿಂದ ಹಳದಿ, ಬಿಳಿ, ಕೆಂಪು ಅಂತ ಮೂರು ಪಿನ್ ಬರುತ್ತವೆ. ಹೊಸ ಟಿವಿಯಲ್ಲಿ ಹಸಿರು, ನೀಲಿ, ಕೆಂಪು, ಬಿಳಿ, ಮತ್ತೊಂದು ಕೆಂಪು ಇವೆ, ಹಳದಿ ಇಲ್ಲವೇ ಇಲ್ಲ. ಯಾರೋ ಹೇಳಿದರು ಅಂತ ಹಳದಿಯನ್ನು ಹಸಿರಿಗೆ ಸಿಕ್ಕಿಸಿದೆ. ಚಿತ್ರ ಬಂತು, ಆದರೆ ಕಪ್ಪು-ಬಿಳುಪು! ಮಕ್ಕಳು ಚಿಕ್ಕವರಿದ್ದಾಗ ತೆಗೆದ ವಿಡಿಯೊ ಅದು, ಬಣ್ಣ ಹೋಯಿತಾ?

ಉತ್ತರ: ಬಣ್ಣ ಎಲ್ಲೂ ಹೋಗಿಲ್ಲ, ಗಾಬರಿ ಬೇಡ. ನಿಮಗೆ ಹೇಳಿದವರು ಸರಿಯಾಗಿಯೇ ಹೇಳಿದ್ದಾರೆ, ಅರ್ಧ ಮಾತ್ರ ಹೇಳಿದ್ದಾರೆ. ಹಸಿರು ತೂತಿನ ಪಕ್ಕ ‘ವೈ/ವಿಡಿಯೊ’ ಅಂತ ಬರೆದಿದೆಯಾ ನೋಡಿ, ಅಥವಾ ತೂತಿನ ಸುತ್ತ ಅರ್ಧ ಹಸಿರು ಅರ್ಧ ಹಳದಿ ಬಣ್ಣ ಇರಬಹುದು. ಹಾಗಿದ್ದರೆ ಆ ಒಂದೇ ತೂತು ಎರಡು ಕೆಲಸ ಮಾಡುತ್ತದೆ. ರಿಮೋಟಿನಲ್ಲಿ ಸೋರ್ಸ್ ಬಟನ್ ಒತ್ತಿ ‘ಕಾಂಪೊನೆಂಟ್’ ಬದಲು ‘ಎವಿ’ ಆರಿಸಿ. ಅಷ್ಟೇ. ಬಣ್ಣ ಬರುತ್ತದೆ.

ಕಪ್ಪು-ಬಿಳುಪು ಯಾಕೆ ಬಂತು ಅನ್ನೋದು ಸ್ವಾರಸ್ಯವಾಗಿದೆ. ಕಲರ್ ಟಿವಿ ಬಂದಾಗ ಜನರ ಮನೆಯಲ್ಲಿ ಆಗಲೇ ಕಪ್ಪು-ಬಿಳುಪು ಟಿವಿಗಳಿದ್ದವು, ಅವುಗಳನ್ನೆಲ್ಲ ಎಸೆಯಿರಿ ಅನ್ನುವಂತಿರಲಿಲ್ಲ. ಅದಕ್ಕೇ 1953ರಲ್ಲಿ ಅಮೆರಿಕ ಒಪ್ಪಿಕೊಂಡ ಎನ್‌ಟಿಎಸ್‌ಸಿ ಕಲರ್ ಪದ್ಧತಿಯಲ್ಲಿ ಕಪ್ಪು-ಬಿಳುಪು ಚಿತ್ರವನ್ನು ಇದ್ದ ಹಾಗೇ ಬಿಟ್ಟು ಬಣ್ಣದ ಮಾಹಿತಿಯನ್ನು ಅದರ ಮೇಲೆ ಒಂದು ಪದರದ ಹಾಗೆ ಸೇರಿಸಿದರು. 1967ರಲ್ಲಿ ಯುರೋಪಿನಲ್ಲಿ ಶುರುವಾದ ಪಾಲ್ ಪದ್ಧತಿಯದ್ದೂ ಇದೇ ಉಪಾಯ. ಹಳೇ ಟಿವಿ ಬಣ್ಣದ ಭಾಗವನ್ನು ಕಂಡೂ ಕಾಣದಂತೆ ಇರುತ್ತಿತ್ತು, ಹೊಸ ಟಿವಿ ಎರಡನ್ನೂ ಓದುತ್ತಿತ್ತು. ನಿಮ್ಮ ಹಳದಿ ಪಿನ್ನಿನಲ್ಲಿ ಈಗಲೂ ಬರುತ್ತಿರುವುದು ಆ ಎರಡೂ ಸೇರಿದ ಸಿಗ್ನಲ್, ಅದನ್ನೇ ಕಾಂಪೊಸಿಟ್ ಅನ್ನುತ್ತಾರೆ. ಕಾಂಪೊನೆಂಟ್‌ನಲ್ಲಿ ಹಾಗಲ್ಲ, ಮೂರು ವೈರ್‌ಗಳಲ್ಲಿ ಹಂಚಿ ಕಳಿಸುತ್ತಾರೆ: ಹಸಿರಿನಲ್ಲಿ ಬೆಳಕು-ನೆರಳು, ನೀಲಿ ಮತ್ತು ಕೆಂಪಿನಲ್ಲಿ ಬಣ್ಣ. ಟಿವಿ ಕಾಂಪೊನೆಂಟ್‌ನಲ್ಲಿ ಇರುವಾಗ ಹಸಿರಿನಲ್ಲಿ ಬಂದದ್ದನ್ನು ಬೆಳಕು-ನೆರಳು ಅಂತಲೇ ಓದುತ್ತದೆ, ಹಳೇ ಕಪ್ಪು-ಬಿಳುಪು ಟಿವಿಯ ಹಾಗೆ. ಪರದೆಗೆ ಹತ್ತಿರ ಹೋಗಿ ನೋಡಿ, ಗಾಢ ಬಣ್ಣದ ಬಟ್ಟೆ ಇರುವ ಜಾಗದಲ್ಲಿ ಸಣ್ಣ ಸಣ್ಣ ಚುಕ್ಕೆಗಳು ಹರಿದಾಡುತ್ತಿರಬಹುದು. ಟಿವಿಗೆ ಅರ್ಥವಾಗದೆ ಉಳಿದ ಬಣ್ಣ ಅದೇ.

ಕೆಂಪು ಎರಡಿವೆಯಲ್ಲ, ಅಲ್ಲೂ ಎಡವಬೇಡಿ. ಹಸಿರು-ನೀಲಿಯ ಪಕ್ಕದ ಕೆಂಪು ಚಿತ್ರದ್ದು, ಬಿಳಿಯ ಪಕ್ಕದ ಕೆಂಪು ಬಲಗಡೆ ಸ್ಪೀಕರಿನ ಸೌಂಡಿನದ್ದು. ನಿಮ್ಮ ಕೆಂಪು ಪಿನ್ ಹೋಗಬೇಕಾದ್ದು ಎರಡನೆಯದಕ್ಕೆ.

ಪ್ರಶ್ನೆ: ಹಳದಿ ಕೇಬಲ್ ತುಂಡಾಗಿದೆ. ಬಿಳಿ ಕೇಬಲ್ಲನ್ನು ಚಿತ್ರಕ್ಕೆ ಹಾಕಿದರೆ ಏನಾದರೂ ಸುಟ್ಟು ಹೋಗುತ್ತಾ?

ಉತ್ತರ: ಏನೂ ಆಗೋದಿಲ್ಲ. ಬಣ್ಣ ಇರೋದು ಹೊರಗಿನ ಪ್ಲಾಸ್ಟಿಕ್ಕಿಗೆ, ನಮಗೆ ಗುರುತು ಸಿಗಲಿ ಅಂತ. ಚಿತ್ರದ ಕೇಬಲ್ 75 ಓಮ್‌ನದ್ದಾಗಿರಬೇಕು (ಸಿಗ್ನಲ್ಲಿಗೆ ಕೇಬಲ್ ಒಡ್ಡುವ ತಡೆಯ ಅಳತೆ ಅದು), ಸೌಂಡಿನ ಕೇಬಲ್ಲಿಗೆ ಆ ಕಟ್ಟುಪಾಡಿಲ್ಲ. ಹಾಗಾಗಿ ತುಂಬಾ ಉದ್ದ ಎಳೆದರೆ ಚಿತ್ರ ಸ್ವಲ್ಪ ಮಸುಕಾಗಬಹುದು, ಅಂಚಿನಲ್ಲಿ ನೆರಳು ಬೀಳಬಹುದು. ಒಂದೂವರೆ ಮೀಟರಿಗೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಎರಡೂ ತುದಿಯಲ್ಲಿ ಒಂದೇ ಬಣ್ಣದ ಪಿನ್ ಹಿಡಿದಿದ್ದೀರಾ ಅಂತ ಮಾತ್ರ ನೋಡಿಕೊಳ್ಳಿ.

ಪ್ರಶ್ನೆ: ಪ್ಲೇಯರಿನ ‘ಔಟ್’ನಿಂದ ಟಿವಿಯ ‘ಔಟ್’ಗೆ ಕೊಟ್ಟಿದ್ದೇನೆ, ಎರಡೂ ಕಡೆ ಒಂದೇ ಹೆಸರು ಇರಬೇಕಲ್ವಾ ಸರ್? ಏನೂ ಬರುತ್ತಿಲ್ಲ.

ಉತ್ತರ: ಇಲ್ಲಿ ಹೆಸರು ಒಂದೇ ಇರಬಾರದು. ಪ್ರತಿ ಡಬ್ಬಿಯೂ ತನ್ನ ಜಾಗದಲ್ಲಿ ನಿಂತು ಮಾತಾಡುತ್ತದೆ. ‘ಔಟ್’ ಅಂದರೆ ನಾನು ಕೊಡ್ತೀನಿ, ‘ಇನ್’ ಅಂದರೆ ನನಗೆ ಕೊಡಿ. ನೀವು ಮಾಡಿದ್ದು ಕೊಡುವವರಿಬ್ಬರನ್ನು ಎದುರುಬದುರು ನಿಲ್ಲಿಸಿದ ಹಾಗಾಯಿತು, ತಗೊಳ್ಳೋರೇ ಇಲ್ಲ. ಪ್ಲೇಯರಿನ ಔಟ್‌ನಿಂದ ಟಿವಿಯ ಇನ್‌ಗೆ ಕೊಡಿ. ಟಿವಿಯ ಸೌಂಡ್ ಆಂಪ್ಲಿಫೈಯರಿಗೆ ಬೇಕಾದರೆ ಟಿವಿಯ ಔಟ್‌ನಿಂದ ಆಂಪ್ಲಿಫೈಯರಿನ ಇನ್‌ಗೆ. ಹಳೇ ಆಂಪ್ಲಿಫೈಯರಿನಲ್ಲಿ ‘ಟೇಪ್’ ಅಂತ ಎರಡು ಜೊತೆ ಇರುತ್ತವೆ. ‘ರೆಕ್’ ಅಂತ ಇರೋದು ಔಟ್, ‘ಪ್ಲೇ’ ಅಂತ ಇರೋದು ಇನ್. ಅಲ್ಲಿ ತಪ್ಪದವರು ಕಡಿಮೆ, ನಾನೂ ಎರಡು ಸಲ ತಪ್ಪಿದ್ದೇನೆ.

ಪ್ರಶ್ನೆ: ಟಿವಿಯಲ್ಲಿ ಮೂರು ಬಣ್ಣದ ತೂತುಗಳ ಬದಲು ಹೆಡ್‌ಫೋನಿನ ಹಾಗಿರುವ ಒಂದೇ ಸಣ್ಣ ತೂತಿದೆ, ‘ಎವಿ ಇನ್’ ಅಂತ ಬರೆದಿದೆ. ಅದರ ಜೊತೆ ಬಂದ ತುಂಡು ಕೇಬಲ್ ಕಳೆದುಹೋಯಿತು. ಹಳೇ ಕ್ಯಾಮೆರಾದ ಕೇಬಲ್ ಹಾಗೇ ಇತ್ತು ಅಂತ ಅದನ್ನು ಹಾಕಿದೆ. ಚಿತ್ರ ಇಲ್ಲ, ಸ್ಪೀಕರಿನಿಂದ ಗರ್ರ್ ಅಂತ ಸದ್ದು ಬೇರೆ. ಟಿವಿ ಕೆಟ್ಟಿತಾ?

ಉತ್ತರ: ಕೆಟ್ಟಿಲ್ಲ. ನೀವು ಕೇಳಿದ್ದು ಚಿತ್ರದ ಸದ್ದು! ನಿಜವಾಗಿಯೂ. ಚಿತ್ರದ ಸಿಗ್ನಲ್ ತಪ್ಪಿ ಸ್ಪೀಕರಿನ ದಾರಿ ಹಿಡಿದರೆ ಹಾಗೇ ಗರ್ರ್ ಅನ್ನುತ್ತದೆ, ಪರದೆ ಮೇಲೆ ದೃಶ್ಯ ಬದಲಾದ ಹಾಗೆ ಆ ಸದ್ದಿನ ಧಾಟಿಯೂ ಬದಲಾಗುತ್ತದೆ.

ಆ ಪಿನ್ನನ್ನು ಬೆಳಕಿಗೆ ಹಿಡಿದು ನೋಡಿ. ಮಾಮೂಲಿ ಹೆಡ್‌ಫೋನ್ ಪಿನ್ನಿನಲ್ಲಿ ಎರಡು ಕಪ್ಪು ಉಂಗುರ ಇರುತ್ತವೆ, ಇದರಲ್ಲಿ ಮೂರು. ಅಂದರೆ ತುದಿಯಿಂದ ಬುಡದವರೆಗೆ ಲೋಹದ ನಾಲ್ಕು ಪಟ್ಟಿಗಳು. ಎಡ ಸೌಂಡ್, ಬಲ ಸೌಂಡ್, ಚಿತ್ರ, ಇವು ಮೂರಕ್ಕೂ ಸೇರಿ ಒಂದು ಗ್ರೌಂಡ್, ಅಂದರೆ ಸಿಗ್ನಲ್ ವಾಪಸು ಹೋಗುವ ದಾರಿ. ಯಾವ ಪಟ್ಟಿ ಯಾವುದಕ್ಕೆ ಅನ್ನೋದರಲ್ಲಿ ಮಾತ್ರ ಕಂಪನಿಗಳು ಒಂದು ಮಾತಿಗೆ ಬರಲಿಲ್ಲ. ದಪ್ಪ ಒಂದೇ, 3.5 ಮಿಲಿಮೀಟರ್. ಉದ್ದವೂ ಹೆಚ್ಚುಕಮ್ಮಿ ಒಂದೇ. ಒಳಗಿನ ಕ್ರಮ ಮಾತ್ರ ಬೇರೆ ಬೇರೆ.

ಹೊಸ ಕೇಬಲ್ ತರುವ ಮುಂಚೆ ಒಂದು ಪ್ರಯತ್ನ ಮಾಡಿ. ವಾಲ್ಯೂಮ್ ಪೂರ್ತಿ ಇಳಿಸಿ. ಪ್ಲೇಯರಿನ ಚಿತ್ರದ ಪಿನ್ನನ್ನು ಆ ಕೇಬಲ್ಲಿನ ಹಳದಿಯಿಂದ ತೆಗೆದು ಕೆಂಪಿಗೆ ಹಾಕಿ, ಆಗದಿದ್ದರೆ ಬಿಳಿಗೆ ಹಾಕಿ. ಎಷ್ಟೋ ಸಲ ಅಲ್ಲೇ ಚಿತ್ರ ಬಂದುಬಿಡುತ್ತದೆ. ಆಮೇಲೆ ಉಳಿದ ಎರಡು ಸೌಂಡಿಗೆ. ಮೂರರಲ್ಲಿ ಯಾವುದಕ್ಕೂ ಬರಲಿಲ್ಲ ಅಂದರೆ ಗ್ರೌಂಡ್‌ನ ಜಾಗವೇ ಬೇರೆ ಅಂತ ಅರ್ಥ, ಆಗ ಏನು ಅದಲುಬದಲು ಮಾಡಿದರೂ ಪ್ರಯೋಜನವಿಲ್ಲ. ನಿಮ್ಮ ಟಿವಿಯ ಮಾಡೆಲ್ ನಂಬರ್ ಹೇಳಿ ಅದಕ್ಕೆ ಹೊಂದುವ ಕೇಬಲ್ಲನ್ನೇ ಕೇಳಿ ತನ್ನಿ.

ಪ್ರಶ್ನೆ: ಒಂದು ಕಡೆ ಎಚ್‌ಡಿಎಂಐ, ಇನ್ನೊಂದು ಕಡೆ ಹಳದಿ-ಬಿಳಿ-ಕೆಂಪು ಇರುವ ಕೇಬಲ್ ತರಿಸಿದೆ. ಹೊಸ ಸೆಟ್‌ಟಾಪ್ ಬಾಕ್ಸನ್ನು ಹಳೇ ಡಬ್ಬಾ ಟಿವಿಗೆ ಹಾಕೋಣ ಅಂತ. ಎರಡೂ ತುದಿ ಸೊಗಸಾಗಿ ಕೂತವು. ಏನೂ ಬರಲಿಲ್ಲ. ಮೂರು ಕೇಬಲ್ ಬದಲಾಯಿಸಿದೆ.

ಉತ್ತರ: ಮೂವತ್ತು ಬದಲಾಯಿಸಿದರೂ ಬರೋದಿಲ್ಲ. ಎಚ್‌ಡಿಎಂಐ ಪಿನ್ನಿನೊಳಗೆ 19 ಸಣ್ಣ ಸಂಪರ್ಕಗಳಿವೆ, ಅದರಲ್ಲಿ ಹರಿಯೋದು ಡಿಜಿಟಲ್, ಅಂದರೆ ಸೊನ್ನೆ-ಒಂದುಗಳ ಲೆಕ್ಕ. ಹಳದಿ ಪಿನ್ನಿಗೆ ಬೇಕಾದ್ದು ಏರಿಳಿಯುವ ಅನಲಾಗ್ ವೋಲ್ಟೇಜ್. ಒಂದನ್ನು ಇನ್ನೊಂದಾಗಿ ಮಾಡಲು ಮಧ್ಯೆ ಒಂದು ಚಿಪ್ ಕೂತು ಕೆಲಸ ಮಾಡಬೇಕು, ಅದಕ್ಕೆ ಕರೆಂಟ್ ಬೇಕು. ಬರೀ ವೈರಿನಿಂದ ಅದು ಆಗುವ ಮಾತಲ್ಲ. ಇಂಥ ಕೇಬಲ್ ಮಾರುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ನಿಮಗೆ ಬೇಕಾದ್ದು ಕನ್ವರ್ಟರ್ ಅನ್ನುವ ಪುಟ್ಟ ಡಬ್ಬಿ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಪಕ್ಕದಲ್ಲಿ 5 ವೋಲ್ಟ್ ಕರೆಂಟಿಗೆ ಯುಎಸ್‌ಬಿ ಜಾಗ ಇರುತ್ತದೆ. ತರುವಾಗ ದಿಕ್ಕು ನೋಡಿ. ‘ಎಚ್‌ಡಿಎಂಐನಿಂದ ಎವಿ’ ಮತ್ತು ‘ಎವಿಯಿಂದ ಎಚ್‌ಡಿಎಂಐ’ ಎರಡೂ ಬೇರೆ ಬೇರೆ ಡಬ್ಬಿಗಳು. ಹೊರಗಿನಿಂದ ಅವಳಿ-ಜವಳಿ ಥರ ಇರುತ್ತವೆ, ಹಿಂದುಮುಂದಾಗಿ ಹಾಕಿದರೆ ಕೆಲಸ ಮಾಡೋದಿಲ್ಲ. ನಿಮಗೆ ಮೊದಲನೆಯದು ಬೇಕು.

ಎರಡನೆಯದು, ಅಂದರೆ ಹಳೇ ಪ್ಲೇಯರನ್ನು ಹೊಸ ಟಿವಿಗೆ ಹಾಕುವ ಡಬ್ಬಿಯ ಮೇಲೆ ‘1080’ ಅಂತ, ಅಂದರೆ ಎಚ್‌ಡಿ ಚಿತ್ರದ ಅಳತೆಯ, ಒಂದು ಸ್ವಿಚ್ ಇರುತ್ತದೆ. ಅದನ್ನು ನೋಡಿ ಹಿಗ್ಗಬೇಡಿ. ಇರುವ ಚಿತ್ರವನ್ನೇ ಎಳೆದು ದೊಡ್ಡದು ಮಾಡುತ್ತದೆ, ಇಲ್ಲದ ವಿವರ ಎಲ್ಲಿಂದ ತರುತ್ತದೆ?

ಪ್ರಶ್ನೆ: ಸೌಂಡ್‌ಬಾರ್ ತಂದಿದ್ದೇವೆ. ಹಿಂದೆ ಎಚ್‌ಡಿಎಂಐ, ಆಪ್ಟಿಕಲ್, ಆಕ್ಸ್ ಮೂರೂ ಇವೆ. ಮಗ ಎಚ್‌ಡಿಎಂಐ ಅನ್ನುತ್ತಾನೆ, ಅವರ ಅಪ್ಪ ಆಪ್ಟಿಕಲ್ ಅನ್ನುತ್ತಾರೆ. ಸದ್ಯಕ್ಕೆ ಎಚ್‌ಡಿಎಂಐ ಹಾಕಿದೆ, ಸೌಂಡೇ ಇಲ್ಲ. ಅವರ ಅಪ್ಪನಿಗೆ ಒಳಗೊಳಗೇ ಖುಷಿ.

ಉತ್ತರ: ಮಗ ಹೇಳಿದ್ದೇ ಸರಿ, ಆದರೆ ಅವನು ತಪ್ಪು ತೂತಿಗೆ ಹಾಕಿದ್ದಾನೆ ಅನ್ನಿಸುತ್ತದೆ. ಟಿವಿಯ ಎಚ್‌ಡಿಎಂಐ ತೂತುಗಳೆಲ್ಲ ‘ಇನ್’. ಹೊರಗಿನಿಂದ ಟಿವಿಗೆ ಬರುವ ದಾರಿ. ಸೌಂಡ್‌ಬಾರಿಗೆ ಬೇಕಾದ್ದು ಟಿವಿಯಿಂದ ಹೊರಗೆ. ಹೀಗೆ ಉಲ್ಟಾ ಹರಿಯಲು 2009ರ ಎಚ್‌ಡಿಎಂಐ 1.4 ಆವೃತ್ತಿಯಲ್ಲಿ ‘ಆರ್ಕ್’ ಅನ್ನುವ ಒಂದು ಏರ್ಪಾಡು ಬಂತು. ಇದು ಸಾಮಾನ್ಯವಾಗಿ ಟಿವಿಯ ಒಂದೇ ಒಂದು ತೂತಿನಲ್ಲಿ ಇರುತ್ತದೆ, ಅದರ ಪಕ್ಕ ‘ಆರ್ಕ್’ ಅಥವಾ ‘ಇ-ಆರ್ಕ್’ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ನಾಲ್ಕು ತೂತುಗಳೂ ನೋಡಲು ಒಂದೇ ಥರ, ಕೇಬಲ್ ನಾಲ್ಕಕ್ಕೂ ಕೂರುತ್ತದೆ, ಸೌಂಡ್ ಹೊರಗೆ ಬರೋದು ಮಾತ್ರ ಅದೊಂದರಿಂದ. ಸೌಂಡ್‌ಬಾರಿನ ಕಡೆಯೂ ನೋಡಿ. ಅಲ್ಲಿ ಎರಡು ಎಚ್‌ಡಿಎಂಐ ಇದ್ದರೆ ‘ಟಿವಿ ಔಟ್’ ಅಥವಾ ‘ಆರ್ಕ್’ ಅಂತ ಇರುವುದಕ್ಕೇ ಹಾಕಬೇಕು.

ಅಷ್ಟು ಮಾಡಿಯೂ ಬರದಿದ್ದರೆ ಟಿವಿ ಸೆಟ್ಟಿಂಗ್‌ನಲ್ಲಿ ಎಚ್‌ಡಿಎಂಐ-ಸಿಇಸಿ ಆನ್ ಮಾಡಿ, ಒಂದು ಡಬ್ಬಿ ಇನ್ನೊಂದಕ್ಕೆ ಆದೇಶ ಕೊಡುವ ಏರ್ಪಾಡು ಅದು. ಸಿಇಸಿ ಅಂತ ನೇರವಾಗಿ ಬರೆದಿರೋದಿಲ್ಲ, ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟುಕೊಂಡಿದೆ. ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಆಮೇಲೆ ಸೌಂಡ್ ಔಟ್‌ಪುಟ್ ಅನ್ನುವಲ್ಲಿ ಟಿವಿ ಸ್ಪೀಕರ್ ತೆಗೆದು ಸೌಂಡ್‌ಬಾರ್ ಅಥವಾ ಆರ್ಕ್ ಆರಿಸಿ. ಇಷ್ಟಾದ ಮೇಲೂ ಮೌನವಾಗಿದ್ದರೆ ಡಿಜಿಟಲ್ ಔಟ್‌ಪುಟ್ಟನ್ನು ‘ಪಿಸಿಎಂ’ಗೆ ಇಟ್ಟು ನೋಡಿ, ಒತ್ತಿ ಸಣ್ಣದು ಮಾಡದ ಸಾದಾ ಡಿಜಿಟಲ್ ಸೌಂಡ್, ಯಾವ ಬಾರಿಗಾದರೂ ಅರ್ಥವಾಗುವ ಭಾಷೆ ಅದು.

ಅಪ್ಪನ ಆಪ್ಟಿಕಲ್ಲನ್ನೂ ತಳ್ಳಿಹಾಕೋ ಹಾಗಿಲ್ಲ. 1983ರಲ್ಲಿ ತೋಷಿಬಾ ತಂದ ಪದ್ಧತಿ ಇದು, ಟಾಸ್‌ಲಿಂಕ್ ಅಂತ ಹೆಸರು. ಕರೆಂಟಿನ ಬದಲು ಕೆಂಪು ಬೆಳಕಿನಲ್ಲಿ ಸೌಂಡ್ ಹೋಗುತ್ತದೆ. ಕೇಬಲ್ಲಿನ ಒಂದು ತುದಿಯನ್ನು ಟಿವಿಗೆ ಹಾಕಿ, ಇನ್ನೊಂದು ತುದಿಯನ್ನು ಅಂಗೈ ಮುಂದೆ ಹಿಡಿದರೆ ಚರ್ಮದ ಮೇಲೆ ಪುಟ್ಟ ಕೆಂಪು ಚುಕ್ಕೆ ಬೀಳುತ್ತದೆ. ಅದು ಕಂಡರೆ ಟಿವಿ ಕಡೆಯಿಂದ ತೊಂದರೆ ಇಲ್ಲ. ಆ ಬೆಳಕನ್ನು ಕಣ್ಣಿಗೆ ಹಿಡಿದುಕೊಂಡು ನೋಡಬೇಡಿ. ಹೊಸ ಆಪ್ಟಿಕಲ್ ಕೇಬಲ್ಲಿನ ಎರಡೂ ತುದಿಗೆ ಪಾರದರ್ಶಕ ಪ್ಲಾಸ್ಟಿಕ್ ಟೊಪ್ಪಿ ಹಾಕಿರುತ್ತಾರೆ. ಅದನ್ನು ತೆಗೆಯದೆ ಬಲವಂತವಾಗಿ ಒತ್ತಿ ತೂತಿನ ಬಾಗಿಲು ಮುರಿದುಕೊಂಡವರ ಎರಡು ಪತ್ರ ಈ ಸಲವೇ ಬಂದಿವೆ.

ಹಾಗಾದರೆ ಯಾವುದು? ಆಪ್ಟಿಕಲ್‌ನಲ್ಲಿ ಎರಡು ಚಾನೆಲ್ ಪಿಸಿಎಂ, ಇಲ್ಲವೇ ಒತ್ತಿ ಸಣ್ಣದು ಮಾಡಿದ 5.1 (ಐದು ಸ್ಪೀಕರ್, ಒಂದು ವೂಫರಿನ) ಸೌಂಡ್ ಹೋಗುತ್ತದೆ, ಅದಕ್ಕಿಂತ ಜಾಸ್ತಿ ಇಲ್ಲ. ಟಿವಿ ರಿಮೋಟಿನ ವಾಲ್ಯೂಮ್ ಆದೇಶವೂ ಅದರಲ್ಲಿ ಹೋಗೋದಿಲ್ಲ, ಹಾಗಾಗಿ ಎರಡು ರಿಮೋಟ್ ಹಿಡಿದು ಕೂರಬೇಕಾಗಬಹುದು. ಆರ್ಕ್‌ನಲ್ಲಿ ಒಂದೇ ರಿಮೋಟ್ ಸಾಕು, ಟಿವಿ ಆನ್ ಮಾಡಿದರೆ ಬಾರೂ ಏಳುತ್ತದೆ. ಒತ್ತದೆ ಪೂರ್ತಿ ಗುಣಮಟ್ಟದಲ್ಲಿ 5.1 ಸೌಂಡ್ ಬೇಕು ಅಂದರೆ ಎರಡೂ ಕಡೆ ಇ-ಆರ್ಕ್ ಇರಬೇಕು, ಅದು 2017ರಲ್ಲಿ ಬಂದ 2.1 ಆವೃತ್ತಿಯದ್ದು. ಆಕ್ಸ್, ಅಂದರೆ ಮಾಮೂಲಿ ಅನಲಾಗ್ ಸೌಂಡಿನ ‘ಇನ್’, ಕೊನೆಯ ಆಯ್ಕೆ. ಬೇರೆ ದಾರಿ ಇಲ್ಲದಿದ್ದಾಗ ಟಿವಿಯ ಹೆಡ್‌ಫೋನ್ ಜ್ಯಾಕಿನಿಂದ ಕೊಡಬಹುದು, ಟಿವಿ ವಾಲ್ಯೂಮನ್ನು ಮುಕ್ಕಾಲಿಗೆ ಇಟ್ಟು ಮಿಕ್ಕಿದ್ದನ್ನು ಬಾರಿನಲ್ಲಿ ಹೊಂದಿಸಿಕೊಳ್ಳಿ.

ಪ್ರಶ್ನೆ: ತಾತನ ಕಾಲದ ರೆಕಾರ್ಡ್ ಪ್ಲೇಯರ್ ಸಿಕ್ಕಿತು. ಆಂಪ್ಲಿಫೈಯರಿನ ಆಕ್ಸ್‌ಗೆ ಹಾಕಿದರೆ ಹಾಡು ಎಲ್ಲೋ ಪಕ್ಕದ ಮನೆಯಲ್ಲಿ ಬರುತ್ತಿರುವ ಹಾಗೆ ಕೇಳುತ್ತದೆ, ತೀರಾ ತೆಳು. ಸೂಜಿ ಹೋಗಿದೆಯಾ?

ಉತ್ತರ: ಸೂಜಿಯನ್ನು ಅನುಮಾನಿಸುವ ಮೊದಲು ಆಂಪ್ಲಿಫೈಯರಿನ ಹಿಂದೆ ‘ಫೋನೊ’ ಅಂತ ಬರೆದ ಜೋಡಿ ಇದೆಯಾ ನೋಡಿ. ಪಕ್ಕದಲ್ಲಿ ‘ಗ್ರೌಂಡ್’ ಅನ್ನುವ ಒಂದು ತಿರುಪು ಕೂಡ ಇರುತ್ತದೆ.

ರೆಕಾರ್ಡ್ ಪ್ಲೇಯರಿನ ಸೂಜಿಯ ಹಿಂದಿರುವ ಕಾರ್ಟ್ರಿಜ್ ಕೊಡುವುದು ಸುಮಾರು 5 ಮಿಲಿವೋಲ್ಟ್, ಅಷ್ಟೇ. ಸಿಡಿ ಪ್ಲೇಯರ್ ಜೋರಾದ ಜಾಗದಲ್ಲಿ 2 ವೋಲ್ಟ್ ಕೊಡುತ್ತದೆ. ಲೆಕ್ಕ ಹಾಕಿ, 400 ಪಟ್ಟು ವ್ಯತ್ಯಾಸ. ಆಕ್ಸ್ ಜ್ಯಾಕ್ ಸಿಡಿ ಪ್ಲೇಯರಿನಂಥ ಗಟ್ಟಿ ದನಿಯವರಿಗೆ ಮಾಡಿದ್ದು, ಅದರ ಮುಂದೆ ನಿಮ್ಮ ಸೂಜಿ ಪಿಸುಗುಟ್ಟುತ್ತಿದೆ. ಇನ್ನೊಂದು ವಿಷಯ: ತಟ್ಟೆಯಲ್ಲಿ ಹಾಡು ಕೆತ್ತುವಾಗಲೇ ಮಂದ್ರವನ್ನು ಇಳಿಸಿ, ತಾರವನ್ನು ಏರಿಸಿ ಕೆತ್ತುತ್ತಾರೆ. ಮಂದ್ರವನ್ನು ಹಾಗೇ ಬಿಟ್ಟರೆ ಗೀರು ಅಗಲವಾಗಿ ಪಕ್ಕದ ಗೀರಿಗೆ ತಾಗುತ್ತದೆ, ತಟ್ಟೆಯಲ್ಲಿ ಹಾಡು ಹಿಡಿಸೋದೂ ಕಡಿಮೆಯಾಗುತ್ತದೆ. 1954ರಲ್ಲಿ ಇದಕ್ಕೊಂದು ಗೊತ್ತಾದ ಅಳತೆ ಬಂತು, ಆರ್‌ಐಎಎ ಅಂತ ಹೆಸರು. ಫೋನೊ ಜ್ಯಾಕಿನ ಒಳಗಿರುವ ಸರ್ಕ್ಯೂಟು ಸದ್ದನ್ನು ಏರಿಸುವುದರ ಜೊತೆಗೆ ಇದನ್ನು ತಿರುಗಾಮುರುಗಾ ಮಾಡಿ ಮಂದ್ರವನ್ನು ವಾಪಸು ತರುತ್ತದೆ. ಆಕ್ಸ್‌ಗೆ ಹಾಕಿದರೆ ಅದ್ಯಾವುದೂ ಆಗೋದಿಲ್ಲ, ಅದಕ್ಕೇ ತೆಳು.

ಪಿನ್ ನೋಡಿದರೆ ಆಕ್ಸ್, ಸಿಡಿ, ಫೋನೊ ಮೂರಕ್ಕೂ ಅದೇ ಆರ್‌ಸಿಎ ಪಿನ್, ಹಳದಿ-ಬಿಳಿ-ಕೆಂಪು ಕೇಬಲ್ಲಿನ ತುದಿಯಲ್ಲಿರುವಂಥದ್ದೇ. 1930ರ ದಶಕದಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ತನ್ನ ರೇಡಿಯೊ-ಗ್ರಾಮಫೋನ್ ಪೆಟ್ಟಿಗೆಗಳ ಒಳಗಿನ ಭಾಗಗಳನ್ನು ಜೋಡಿಸಲು ಮಾಡಿಕೊಂಡಿದ್ದು, ಇವತ್ತಿಗೂ ಬಿಟ್ಟಿಲ್ಲ. ಆದ್ದರಿಂದ ಉಲ್ಟಾ ತಪ್ಪೂ ಸುಲಭ: ಸಿಡಿ ಪ್ಲೇಯರನ್ನು ಫೋನೊಗೆ ಹಾಕಬೇಡಿ, ಸೌಂಡ್ ಒಡೆದು ಹೋಗುತ್ತದೆ, ಸ್ಪೀಕರಿಗೂ ಒಳ್ಳೆಯದಲ್ಲ. ನಿಮ್ಮ ಆಂಪ್ಲಿಫೈಯರಿನಲ್ಲಿ ಫೋನೊ ಇಲ್ಲದಿದ್ದರೆ ‘ಫೋನೊ ಪ್ರಿ-ಆಂಪ್’ ಅನ್ನುವ ಸಣ್ಣ ಡಬ್ಬಿ ಮಧ್ಯೆ ಹಾಕಿ. ರೆಕಾರ್ಡ್ ಪ್ಲೇಯರಿನಿಂದ ಬರುವ ತೆಳು ವೈರನ್ನು ಆ ತಿರುಪಿಗೆ ಸುತ್ತೋದು ಮರೆಯಬೇಡಿ, ಮರೆತರೆ ಗುಂಯ್ ಅನ್ನುತ್ತದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ರೆಕಾರ್ಡ್ ಪ್ಲೇಯರ್ ಇಲ್ಲ, ಆದರೂ ಗುಂಯ್ ಅನ್ನುತ್ತದೆ. ಟಿವಿಯಿಂದ ಆಂಪ್ಲಿಫೈಯರಿಗೆ ಕೇಬಲ್ ಹಾಕಿದ ಕೂಡಲೇ ಶುರು.

ಉತ್ತರ: ಸದ್ದು ಕೆಳದನಿಯಲ್ಲಿ ಒಂದೇ ಸಮ ಇದ್ದರೆ ಅದು ಗೋಡೆಯ ಕರೆಂಟಿನ ಸದ್ದು. ಕರೆಂಟಿನ ಆವರ್ತನ 50 ಹರ್ಟ್ಜ್, ಕೆಲವು ದೇಶಗಳಲ್ಲಿ 60. ಟಿವಿ ಮತ್ತು ಆಂಪ್ಲಿಫೈಯರ್ ಎರಡೂ ಬೇರೆ ಬೇರೆ ದಾರಿಯಲ್ಲಿ ಭೂಮಿಗೆ ಸೇರಿ, ನಿಮ್ಮ ಸೌಂಡ್ ಕೇಬಲ್ ಆ ಎರಡನ್ನೂ ಕೂಡಿಸಿ ಒಂದು ಸುತ್ತು ಮಾಡಿಬಿಡುತ್ತದೆ. ಆ ಸುತ್ತಿನಲ್ಲಿ ಸ್ವಲ್ಪ ಕರೆಂಟ್ ಸುಳಿದಾಡಿದರೂ ಸಾಕು, ಆಂಪ್ಲಿಫೈಯರ್ ಅದನ್ನೂ ಹಾಡು ಅಂತ ತಿಳಿದು ಜೋರು ಮಾಡುತ್ತದೆ.

ಮೊದಲು ಟಿವಿಯ ಆಂಟೆನಾ ಅಥವಾ ಕೇಬಲ್ ಟಿವಿಯ ದಪ್ಪ ವೈರನ್ನು ಕಿತ್ತು ನೋಡಿ. ಎಷ್ಟೋ ಸಲ ಗುಂಯ್ ಅಲ್ಲೇ ನಿಲ್ಲುತ್ತದೆ, ಅಂದರೆ ಕಳ್ಳ ಬರುತ್ತಿದ್ದದ್ದು ಆ ದಾರಿಯಿಂದ. ನಿಲ್ಲದಿದ್ದರೆ ಟಿವಿ, ಆಂಪ್ಲಿಫೈಯರ್ ಎರಡನ್ನೂ ಒಂದೇ ಸ್ವಿಚ್‌ಬೋರ್ಡಿನಿಂದ ಕೊಟ್ಟು ನೋಡಿ. ಎಲ್ಲಕ್ಕಿಂತ ಸುಲಭ, ಎರಡರಲ್ಲೂ ಆಪ್ಟಿಕಲ್ ಇದ್ದರೆ ಅದನ್ನು ಹಾಕುವುದು. ಬೆಳಕಿನಲ್ಲಿ ಕರೆಂಟ್ ಸುತ್ತೋ ಪ್ರಶ್ನೆಯೇ ಇಲ್ಲ. ಮೂರು ಪಿನ್ನಿನ ಪ್ಲಗ್‌ನಲ್ಲಿ ಅರ್ಥ್ ಪಿನ್ ಕತ್ತರಿಸಿದರೆ ಸದ್ದು ನಿಲ್ಲುತ್ತದೆ ಅಂತ ಕೆಲವರು ಹೇಳಿಕೊಡುತ್ತಾರೆ. ದಯವಿಟ್ಟು ಮಾಡಬೇಡಿ. ಸದ್ದು ನಿಲ್ಲಬಹುದು, ಆದರೆ ಒಳಗೆ ಏನಾದರೂ ಕೆಟ್ಟ ದಿನ ಡಬ್ಬಿ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ.

ಇಲ್ಲೇ ನನ್ನದೊಂದು ಪೆದ್ದುತನ ಹೇಳಿಬಿಡುತ್ತೇನೆ. ಇದೇ ಥರ ಗುಂಯ್ ಹುಡುಕುತ್ತಾ ಒಂದು ರಾತ್ರಿ ಆಂಪ್ಲಿಫೈಯರ್ ಆನ್ ಇರುವಾಗಲೇ, ವಾಲ್ಯೂಮ್ ಇಳಿಸದೆ, ಆರ್‌ಸಿಎ ಪಿನ್ ಎಳೆದೆ. ಭೊರ್ರ್ ಅಂತ ಒಂದು ಸದ್ದು ಬಂತು ನೋಡಿ, ಮಲಗಿದ್ದವರೆಲ್ಲ ಎದ್ದು ಬಂದರು, ಎಡಗಡೆ ಸ್ಪೀಕರ್ ಮಾತ್ರ ಏಳಲೇ ಇಲ್ಲ. ಆರ್‌ಸಿಎ ಪಿನ್ನಿನ ವಿನ್ಯಾಸದಲ್ಲೇ ಈ ಕುಂದು ಇದೆ. ನಡುವಿನ ಕಡ್ಡಿ ಹೊರಗಿನ ಬಳೆಗಿಂತ ಉದ್ದ. ಹಾಕುವಾಗ ಸಿಗ್ನಲ್ ಮೊದಲು ತಾಗಿ ಗ್ರೌಂಡ್ ಆಮೇಲೆ ತಾಗುತ್ತದೆ, ತೆಗೆಯುವಾಗ ಗ್ರೌಂಡ್ ಮೊದಲು ಬಿಡುತ್ತದೆ. ಆ ಅರೆಕ್ಷಣ ಅದು ಗಾಳಿಯಲ್ಲಿರುವ ಸದ್ದನ್ನೆಲ್ಲ ಹಿಡಿಯುವ ಆಂಟೆನಾ. ಹಾಗಾಗಿ ಮೊದಲು ಆಂಪ್ಲಿಫೈಯರ್ ಆಫ್, ಆಮೇಲೆ ಪಿನ್.

ಪ್ರಶ್ನೆ: ಚಿನ್ನದ ಲೇಪನದ ಎಚ್‌ಡಿಎಂಐ ಕೇಬಲ್‌ನಲ್ಲಿ ಬಣ್ಣ ಚೆನ್ನಾಗಿ ಬರುತ್ತದಾ? 2.1 ಕೇಬಲ್ ಅಂತಾರೆ, ಅದು ಬೇಕಾ?

ಉತ್ತರ: ಬಣ್ಣ ಒಂದು ಚೂರೂ ಬದಲಾಗೋದಿಲ್ಲ. ಸೊನ್ನೆ-ಒಂದು ಸರಿಯಾಗಿ ತಲುಪಿದರೆ ಚಿತ್ರ ಪೂರ್ತಿ ಬರುತ್ತದೆ. ತಲುಪದಿದ್ದರೆ ಚಿತ್ರ ಮಂಕಾಗೋದಿಲ್ಲ, ಬಿಳಿ ಚುಕ್ಕೆಗಳು ಮಿಣಮಿಣ ಅನ್ನುತ್ತವೆ, ಅಥವಾ ಎರಡು ಸೆಕೆಂಡ್ ಪರದೆ ಕಪ್ಪಾಗಿ ಮತ್ತೆ ಬರುತ್ತದೆ. ಚಿನ್ನ ತುಕ್ಕು ಹಿಡಿಯೋದಿಲ್ಲ, ಅದಷ್ಟೇ ಅದರ ಲಾಭ.

2.1 ಅನ್ನೋದು ಉಪಕರಣದ ಆವೃತ್ತಿ. ಕೇಬಲ್ಲನ್ನು ಅಳೆಯಬೇಕಾದ್ದು ವೇಗದಿಂದ. ‘ಹೈ ಸ್ಪೀಡ್’, ‘ಪ್ರೀಮಿಯಂ ಹೈ ಸ್ಪೀಡ್’, ‘ಅಲ್ಟ್ರಾ ಹೈ ಸ್ಪೀಡ್’ ಅಂತ ಮೂರು ಹೆಸರು ನೆನಪಿಡಿ. 4ಕೆ ಚಿತ್ರ ಸೆಕೆಂಡಿಗೆ 60 ಫ್ರೇಮ್‌ನಂತೆ ಬರಲು ಸೆಕೆಂಡಿಗೆ 18 ಗಿಗಾಬಿಟ್ ಸಾಗಿಸುವ ಪ್ರೀಮಿಯಂ ಸಾಕು. ಹೊಸ ಗೇಮ್ ಬಾಕ್ಸ್ ಇಟ್ಟುಕೊಂಡು 120 ಫ್ರೇಮ್ ಬೇಕು ಅನ್ನುವವರಿಗೆ ಮಾತ್ರ 48 ಗಿಗಾಬಿಟ್‌ನ ಅಲ್ಟ್ರಾ. ಒಳ್ಳೆ ಕೇಬಲ್ ಹಾಕಿಯೂ 4ಕೆ ಸರಿಯಾಗಿ ಬರದಿದ್ದರೆ ಟಿವಿಯ ಎಚ್‌ಡಿಎಂಐ ಸೆಟ್ಟಿಂಗ್‌ನಲ್ಲಿ ಆ ತೂತನ್ನು ‘ಎನ್‌ಹ್ಯಾನ್ಸ್ಡ್’ ಅಥವಾ ‘ಡೀಪ್ ಕಲರ್’ಗೆ ಬದಲಾಯಿಸಿ, ಬಹಳ ಟಿವಿಗಳಲ್ಲಿ ಇದು ಆಫ್ ಆಗಿಯೇ ಬರುತ್ತದೆ.

ಪ್ರಶ್ನೆ: ಫೋನಿನ ಟೈಪ್-ಸಿ ಜ್ಯಾಕಿನಿಂದ ಎಚ್‌ಡಿಎಂಐ ಅಡಾಪ್ಟರ್ ಹಾಕಿ ಟಿವಿಗೆ ಕೊಟ್ಟೆ. ಅಣ್ಣನ ಫೋನಿನಲ್ಲಿ ಬರುತ್ತದೆ, ನನ್ನದರಲ್ಲಿ ಬರೋದಿಲ್ಲ. ಇಬ್ಬರದ್ದೂ ಟೈಪ್-ಸಿ.

ಉತ್ತರ: ಟೈಪ್-ಸಿ ಅನ್ನೋದು ತೂತಿನ ಆಕಾರದ ಹೆಸರು ಮಾತ್ರ. ಅದರಲ್ಲಿ ಚಿತ್ರ ಹೊರಗೆ ಬರಬೇಕಾದರೆ ಫೋನಿನೊಳಗೆ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಅನ್ನುವ ಸೌಲಭ್ಯ ಇರಬೇಕು. ಅಣ್ಣನದ್ದರಲ್ಲಿದೆ, ನಿಮ್ಮದರಲ್ಲಿಲ್ಲ. ಅಡಾಪ್ಟರ್ ಬದಲಾಯಿಸಿ ಪ್ರಯೋಜನವಿಲ್ಲ, ವೈಫೈ ಮೂಲಕ ಸ್ಕ್ರೀನ್ ಕಳಿಸಿ. ಅಂದಹಾಗೆ ಟಿವಿಯ ಯುಎಸ್‌ಬಿ ತೂತಿಗೆ ಫೋನ್ ಹಾಕಿದರೆ ಚಾರ್ಜ್ ಆಗಬಹುದು, ಕೆಲವೊಮ್ಮೆ ಫೋಟೋಗಳೂ ತೆರೆದುಕೊಳ್ಳಬಹುದು, ಆದರೆ ಸ್ಕ್ರೀನ್ ಕಾಣಿಸೋದಿಲ್ಲ. ಅದು ಪೆನ್‌ಡ್ರೈವ್ ಓದಲು ಇರುವ ತೂತು.

ಪ್ರಶ್ನೆ: ಹಳೇ ಲ್ಯಾಪ್‌ಟಾಪನ್ನು ನೀಲಿ ಬಣ್ಣದ 15 ಪಿನ್ನಿನ ಕೇಬಲ್‌ನಿಂದ ಟಿವಿಗೆ ಹಾಕಿದೆ. ಚಿತ್ರ ಇದೆ, ಸೌಂಡಿಲ್ಲ.

ಉತ್ತರ: ಅದು ವಿಜಿಎ, ಐಬಿಎಂನವರು 1987ರಲ್ಲಿ ತಂದಿದ್ದು. ಅದರಲ್ಲಿ ಸೌಂಡಿಗೆ ಜಾಗವೇ ಇಲ್ಲ. ಲ್ಯಾಪ್‌ಟಾಪಿನ ಹೆಡ್‌ಫೋನ್ ಜ್ಯಾಕಿನಿಂದ ಟಿವಿಯ ‘ಪಿಸಿ ಆಡಿಯೊ ಇನ್’ಗೆ ಬೇರೆ ವೈರ್ ಹಾಕಿ.

ಪ್ರಶ್ನೆ: ನನಗೆ ವಯಸ್ಸು ಎಪ್ಪತ್ತೆರಡು. ಮೊಮ್ಮಗ ರಜೆಗೆ ಬಂದು ಆಟ ಆಡಿ ಹೋದ ಮೇಲೆ ಟಿವಿಯಲ್ಲಿ ‘ನೋ ಸಿಗ್ನಲ್’ ಅಂತಲೇ ಬರುತ್ತಿದೆ. ವೈರ್ ಎಲ್ಲ ಕಿತ್ತು ಹಾಕಿದ್ದಾನೋ ಏನೋ.

ಉತ್ತರ: ಅವನು ವೈರ್ ಮುಟ್ಟಿಲ್ಲ ಅನ್ನಿಸುತ್ತದೆ ಅಮ್ಮ. ಟಿವಿ ಅವನ ಗೇಮ್ ಇದ್ದ ತೂತಿನ ಕಡೆಗೇ ಇನ್ನೂ ಕಿವಿಗೊಟ್ಟು ಕೂತಿದೆ, ಅಲ್ಲಿ ಈಗ ಯಾರೂ ಇಲ್ಲ. ರಿಮೋಟಿನ ಮೇಲ್ಭಾಗದಲ್ಲಿ ಚೌಕದೊಳಗೆ ಬಾಣ ನುಗ್ಗುತ್ತಿರುವ ಗುರುತಿನ ಬಟನ್ ಇರುತ್ತದೆ, ಇಲ್ಲವೇ ‘ಸೋರ್ಸ್’ ಅಥವಾ ‘ಇನ್‌ಪುಟ್’ ಅಂತ ಬರೆದಿರುತ್ತದೆ. ಅದನ್ನು ಒತ್ತಿ ಎಚ್‌ಡಿಎಂಐ 1, 2, 3 ಅಂತ ಒಂದೊಂದಾಗಿ ಆರಿಸಿ, ಪ್ರತಿಯೊಂದರಲ್ಲೂ ಐದಾರು ಸೆಕೆಂಡ್ ಕಾಯಿರಿ. ನಿಮ್ಮ ಚಾನೆಲ್ ಬಂದ ಕೂಡಲೇ ಆ ನಂಬರನ್ನು ಒಂದು ಚೀಟಿಯಲ್ಲಿ ಬರೆದು ರಿಮೋಟಿನ ಬೆನ್ನಿಗೆ ಅಂಟಿಸಿಬಿಡಿ. ಮುಂದಿನ ರಜೆಗೆ ಬೇಕಾಗುತ್ತದೆ.

ಪ್ರಶ್ನೆ: ಒಂದು ಚೀಲದ ತುಂಬಾ ಹಳೇ ಕೇಬಲ್ ಇವೆ. ಎಸೆಯಿರಿ ಅಂತ ಮನೆಯಲ್ಲಿ ದಿನಾ ಗಲಾಟೆ. ಯಾವುದು ಇಟ್ಟುಕೊಳ್ಳಲಿ?

ಉತ್ತರ: ಮೂರು ಬಣ್ಣದ್ದು ಎರಡು ಸೆಟ್, ಎಚ್‌ಡಿಎಂಐ ಎರಡು, 3.5ರಿಂದ ಆರ್‌ಸಿಎಗೆ ಹೋಗುವುದು ಒಂದು, ಆಪ್ಟಿಕಲ್ ಒಂದು, ಹೊಂದುವ ಉಪಕರಣ ಮನೆಯಲ್ಲಿದ್ದರೆ ನಾಲ್ಕು ಪಟ್ಟಿಯ ಎವಿ ಕೇಬಲ್. ವಿಸಿಆರ್ ಇನ್ನೂ ನಡೆಯುತ್ತಿದ್ದರೆ ನಾಲ್ಕು ಪಿನ್ನಿನ ದುಂಡನೆ ಎಸ್-ವಿಡಿಯೊ ಕೇಬಲ್ಲೂ ಇರಲಿ. ಅದರಲ್ಲಿ ಬೆಳಕು ಮತ್ತು ಬಣ್ಣ ಬೇರೆ ಬೇರೆ ವೈರಿನಲ್ಲಿ ಹೋಗೋದರಿಂದ ಹಳದಿಗಿಂತ ಚೊಕ್ಕಟ. ಮಿಕ್ಕಿದ್ದನ್ನು ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಿ.

ಆದರೆ ಚೀಲದ ತಳದಲ್ಲಿ ಕರೆಂಟಿನ ಅಡಾಪ್ಟರ್‌ಗಳಿರುತ್ತವಲ್ಲ, ಅವುಗಳನ್ನು ಇವತ್ತೇ ಹೊರಗೆ ಹಾಕಿ ಕೂತುಕೊಳ್ಳಿ. 5 ವೋಲ್ಟಿನದಕ್ಕೂ 12 ವೋಲ್ಟಿನದಕ್ಕೂ ಎಷ್ಟೋ ಸಲ ಅದೇ ದುಂಡು ಪಿನ್ ಇರುತ್ತದೆ, ಕನ್ವರ್ಟರ್ ಡಬ್ಬಿಗೂ ಕೂರುತ್ತದೆ, ಸೆಟ್‌ಟಾಪ್ ಬಾಕ್ಸಿಗೂ ಕೂರುತ್ತದೆ. ಸೌಂಡಿನ ಪಿನ್ ತಪ್ಪಿದರೆ ಬರೀ ಗರ್ರ್ ಅನ್ನುತ್ತದೆ, ಇದು ತಪ್ಪಿದರೆ ಹೊಗೆ ಬರುತ್ತದೆ. ಒಂದೊಂದನ್ನೂ ತಿರುಗಿಸಿ ಬೆನ್ನ ಮೇಲಿನ ವೋಲ್ಟ್ ಓದಿ, ಬಿಳಿ ಟೇಪಿನ ಮೇಲೆ ಯಾವ ಡಬ್ಬಿಯದ್ದು ಅಂತ ದಪ್ಪಕ್ಷರದಲ್ಲಿ ಬರೆದು ಅಂಟಿಸಿ. ಯಾವುದರದ್ದು ಅಂತ ಗೊತ್ತಾಗದ್ದು ಉಳಿದರೆ ಅದನ್ನು ಮಾತ್ರ ಮನೆಯವರ ಕೈಗೆ ಕೊಟ್ಟುಬಿಡಿ, ಎಸೆಯಲಿ.